ಸಾರಥಿಯ ಪ್ರಶ್ನೆ: ಕನ್ನಡ ಕಿರುತೆರೆಯ ಹಾಸ್ಯ ಮತ್ತು ಖ್ಯಾತಿಯ ಆರಾಧನೆ

ಕಡೂರು ತಾಲ್ಲೂಕಿನ ದೇವನೂರು ಒಬ್ಬ ಕವಿಯ ಹೆಸರಿನೊಡನೆ ಬೆಸೆದುಕೊಂಡ ಊರು. ‘ಜೈಮಿನಿ ಭಾರತ’ದ ಕರ್ತೃವಾದ ಲಕ್ಷ್ಮೀಶನು ಸ್ತುತಿಸಿರುವ ದೇವಪುರದ ಲಕ್ಷ್ಮೀಕಾಂತನು ಈ ಗ್ರಾಮದ ಆರಾಧ್ಯದೈವವೇ ಎಂಬುದು ಬಹುಜನ ವಿದ್ವಾಂಸರ ಮತ, ಸುರಪುರದ ಪರವಾದ ವಾದವೂ ಉಂಟು. ಆ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಇಲ್ಲಿ ಮುಖ್ಯವಾದುದು ಆ ಕಾವ್ಯದ ಒಂದು ಸಣ್ಣ ಉಪಾಖ್ಯಾನ. ಅಶ್ವಮೇಧದ ಕುದುರೆ ಒಂದು ಬಂಡೆಗೆ ಅಂಟಿಕೊಂಡು ನಿಲ್ಲುತ್ತದೆ. ಕಾರಣವೇನೆಂದು ಕೇಳಿದ ಅರ್ಜುನನಿಗೆ ಸೌಭರಿ ಮುನಿಯು ಉದ್ದಾಲಕ ಮತ್ತು ಅವನ ಹೆಂಡತಿ ಚಂಡಿಯ ಕಥೆಯನ್ನು ಹೇಳುತ್ತಾನೆ. ಚಂಡಿ ಗಂಡ ಹೇಳಿದ್ದಕ್ಕೆಲ್ಲ ತದ್ವಿರುದ್ಧವಾಗಿ ನಡೆಯುವವಳು. ಮನೆಗೆ ಬಂದ ಅತಿಥಿ ಕೌಂಡಿನ್ಯನು ಉಪಾಯವೊಂದನ್ನು ಸೂಚಿಸುತ್ತಾನೆ: ಬೇಕಾದುದನ್ನು ಬೇಡವೆಂದು ಹೇಳು. ಅದರಂತೆ ಉದ್ದಾಲಕನು ಶ್ರಾದ್ಧ ಮಾಡುವುದು ಬೇಡವೆನ್ನುತ್ತಾನೆ, ಅವಳು ಮಾಡುತ್ತಾಳೆ. ಬ್ರಾಹ್ಮಣರನ್ನು ಕರೆಯಬೇಡವೆನ್ನುತ್ತಾನೆ, ಅವಳು ಕರೆಯುತ್ತಾಳೆ. ಎಲ್ಲವೂ ಸುಸೂತ್ರವಾಗಿ ಮುಗಿಯುತ್ತಿರುವಾಗ ಮೈಮರೆತು, ಪಿಂಡವನ್ನು ನೀರಿಗೆ ಬಿಡೆಂದು ನೇರವಾಗಿ ಹೇಳಿಬಿಡುತ್ತಾನೆ. ಅವಳು ಅದನ್ನು ಕೊಂಡೊಯ್ದು ಹೊಲಸಿನಲ್ಲಿ ಎಸೆಯುತ್ತಾಳೆ. ಶಾಪ ಬೀಳುತ್ತದೆ, ಚಂಡಿ ಕಲ್ಲಾಗುತ್ತಾಳೆ.

ಮಗು ಹಟ ಹಿಡಿದರೆ ‘ಚಂಡಿ ಹಿಡಿದಿದೆ’ ಎನ್ನುವ ಮಾತು ಇಂದಿಗೂ ಕನ್ನಡದ ಮನೆಗಳಲ್ಲಿ ಬಳಕೆಯಲ್ಲಿದೆ. ಹಾಗಾಗಿ ಗಮಕಿಯ ವಾಚನದಲ್ಲಿ ಈ ಕಥೆ ಬಂದಾಗ ಕೇಳುಗನಿಗೆ ಹೆಸರೇ ಪಾತ್ರದ ಪರಿಚಯ ಮಾಡಿಕೊಡುತ್ತದೆ. ಒಂದು ಮನೆ, ಬದಲಾಗದ ಸ್ವಭಾವದ ಇಬ್ಬರು ದಂಪತಿಗಳು, ಹೊರಗಿನಿಂದ ಬರುವ ಒಬ್ಬ ಅತಿಥಿ, ಅವನ ಉಪಾಯ, ಕೊನೆಯ ಗಳಿಗೆಯಲ್ಲಿ ಆ ಉಪಾಯ ಕೆಡುವ ಬಗೆ: ದೂರದರ್ಶನ ಯುಗದಲ್ಲಿ ‘ಸಿಟ್‌ಕಾಂ’ ಎಂದು ಕರೆಯಲಾದ ಸನ್ನಿವೇಶ ಹಾಸ್ಯದ ಎಲ್ಲ ಅಂಗಗಳೂ ವಾರ್ಧಕ ಷಟ್ಪದಿಯ ಈ ಭಾಗದಲ್ಲಿ ಇವೆ. ಕನ್ನಡದ ದೃಶ್ಯಮಾಧ್ಯಮ ಹಾಸ್ಯವನ್ನು ಪಾಶ್ಚಾತ್ಯ ಮಾದರಿಯ ಅನುಕರಣೆಯೆಂದಷ್ಟೇ ನೋಡುವ ವಿಮರ್ಶೆ ಈ ಅಂಶವನ್ನು ಗಮನಿಸಿಲ್ಲ.

ಕಾವ್ಯದ ಒಟ್ಟು ಚೌಕಟ್ಟೂ ಈ ದೃಷ್ಟಿಯಿಂದ ಕುತೂಹಲಕರವಾಗಿದೆ. 34 ಸಂಧಿಗಳುದ್ದಕ್ಕೂ ಲೋಕಪ್ರಸಿದ್ಧನಾದ ಅರ್ಜುನನು ಕುದುರೆಯ ಹಿಂದೆ ಸುತ್ತುತ್ತಾನೆ. ಹೋದಲ್ಲೆಲ್ಲ ಅವನ ಪ್ರಸಿದ್ಧಿಗೆ ಪೆಟ್ಟು ಬೀಳುತ್ತದೆ. ಸುಧನ್ವನ ಮುಂದೆ ಅವನು ಕಂಗೆಡುತ್ತಾನೆ, ಮಗನಾದ ಬಭ್ರುವಾಹನನ ಕೈಯಲ್ಲಿ ಸಾಯುತ್ತಾನೆ. ಈ ಪ್ರಸಂಗಗಳು ಕಡೂರಿನ ಬಯಲುಸೀಮೆಯನ್ನೂ ಒಳಗೊಂಡ ಮೂಡಣ ಸೀಮೆಯ ಬಯಲಾಟಕ್ಕೆ ವಸ್ತುವಾದವು. ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರ ಶ್ರಮದಿಂದ ಅಧ್ಯಯನ ವಲಯಕ್ಕೆ ಪರಿಚಿತವಾದ ಮೂಡಲಪಾಯದಲ್ಲಿ ಸಾರಥಿ ಎಂಬ ಪಾತ್ರವಿದೆ. ಕಿರೀಟ ಭುಜಕೀರ್ತಿಗಳನ್ನು ಧರಿಸಿ ಅಬ್ಬರದಿಂದ ಪ್ರವೇಶಿಸುವ ರಾಜನನ್ನು ಸಾರಥಿಯು ತಡೆದು, ನೀವಾರು, ಯಾವ ಊರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಇದು ಪಾತ್ರಪರಿಚಯದ ತಂತ್ರ ಮಾತ್ರವಲ್ಲ. ಊರಿಗೆಲ್ಲ ಗೊತ್ತಿರುವ ಅರ್ಜುನನೂ ರಂಗಸ್ಥಳಕ್ಕೆ ಬಂದಾಗ ತನ್ನ ಹೆಸರನ್ನು ತಾನೇ ಹೇಳಿಕೊಳ್ಳಬೇಕು. ಕೇಳುವ ಅಧಿಕಾರ ನಗಿಸುವವನದು. ಪ್ರಸಿದ್ಧನನ್ನು ಅಪರಿಚಿತನಂತೆ ಕಾಣುವ ಈ ಹಕ್ಕನ್ನು ಕನ್ನಡದ ಹಾಸ್ಯವು ಎಲ್ಲಿಯವರೆಗೆ ಉಳಿಸಿಕೊಂಡಿತು, ಎಲ್ಲಿ ಬಿಟ್ಟುಕೊಟ್ಟಿತು ಎಂಬುದು ಕಿರುತೆರೆಯ ಹಾಸ್ಯವನ್ನು ಅಳೆಯಲು ತಕ್ಕ ಪ್ರಶ್ನೆಯಾಗಿದೆ.

ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರ್‌ನಲ್ಲಿ ಆರಂಭವಾಯಿತು. ಆ ದಶಕದ ಕನ್ನಡ ಧಾರಾವಾಹಿಗಳಲ್ಲಿ ‘ಸಿಹಿ ಕಹಿ’, ರಮೇಶ್ ಭಟ್ ನಿರ್ದೇಶಿಸಿ ನಟಿಸಿದ ‘ಕ್ರೇಜಿ ಕರ್ನಲ್’ ಮೊದಲಾದವು ನೋಡುಗರ ನೆನಪಿನಲ್ಲಿ ಉಳಿದಿವೆ. ಇವುಗಳ ಬಗ್ಗೆ ಒಂದು ಸಂಗತಿ ತಕ್ಷಣ ಕಣ್ಣಿಗೆ ಬೀಳುತ್ತದೆ. ಧಾರಾವಾಹಿಯು ನಟನ ಹೆಸರನ್ನೇ ನುಂಗಿತು. ಚಂದ್ರು ಮತ್ತು ಗೀತಾ ಇಂದಿಗೂ ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ. ಮುಂದೆ ಚಿದಾನಂದ ಅವರು ಪಾಪ ಪಾಂಡು ಚಿದಾನಂದರಾದರು. ಹಳೆಯ ನಾಟಕ ಕಂಪನಿಗಳಲ್ಲಿ ಪಾತ್ರದ ಹೆಸರು ನಟನಿಗೆ ಅಂಟುತ್ತಿದ್ದ ಪದ್ಧತಿಯ ಮುಂದುವರಿಕೆ ಇದು. ನೋಡುಗನು ಪಾತ್ರವನ್ನು ತನ್ನ ಮನೆಯವನಂತೆ ಬಲ್ಲ. ನಟನ ಮನೆ ಎಲ್ಲಿದೆ, ಅವನ ಮದುವೆ ಯಾವಾಗ ಆಯಿತು ಎಂಬುದು ಅವನಿಗೆ ಬೇಕಿಲ್ಲ.

ಇದೇ ಕಾಲದ ‘ಮಾಲ್ಗುಡಿ ಡೇಸ್’ ಕನ್ನಡದ ಕೃತಿಯಲ್ಲವಾದರೂ ಕನ್ನಡ ರಂಗಭೂಮಿ ಮತ್ತು ಚಿತ್ರರಂಗದ ಕೈವಾಡದಿಂದ ರೂಪುಗೊಂಡದ್ದು. 1986ರಲ್ಲಿ ಪ್ರಸಾರಗೊಂಡ ಈ ಮಾಲಿಕೆಯನ್ನು ಶಂಕರ್ ನಾಗ್ ಪಕ್ಕದ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಚಿತ್ರಿಸಿದರು. ಅದರ ಎರಡು ಕಥೆಗಳು ಪ್ರಸ್ತುತ ಚರ್ಚೆಗೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದರಲ್ಲಿ ವೆಂಕಟರಾವ್ ಎಂಬ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನು ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವುದಾಗಿ ಮಾತು ಕೊಟ್ಟು, ಕಚೇರಿಯ ಕೆಲಸದಿಂದ ಬಿಡುಗಡೆ ದೊರೆಯದೆ ಮಾತು ತಪ್ಪುತ್ತಾನೆ. ಆ ಗುಮಾಸ್ತನಾದವರು ವಿಷ್ಣುವರ್ಧನ್. ಸಿನಿಮಾ ಪರದೆಯನ್ನು ಆಳುತ್ತಿದ್ದ ನಟನೇ ಮಗಳಿಗೆ ಒಂದು ಸಿನಿಮಾ ತೋರಿಸಲಾಗದ ಬಡ ತಂದೆಯಾಗಿ ಕಾಣಿಸಿಕೊಳ್ಳುತ್ತಾನೆ, ಮತ್ತು ಆ ವೈರುಧ್ಯವನ್ನು ಕಥೆ ಎಲ್ಲಿಯೂ ಎತ್ತಿ ತೋರಿಸುವುದಿಲ್ಲ. ತಾರೆಯು ಮಾಲ್ಗುಡಿಗೆ ಅತಿಥಿಯಾಗಿ ಬರಲಿಲ್ಲ. ಅಲ್ಲಿಯ ನಿವಾಸಿಯಾಗಿ ಬಂದ.

ಎರಡನೆಯದು ಸ್ವಾಮಿ ‘ಹೀರೋ’ ಆಗುವ ಕಥೆ. ಪತ್ರಿಕೆಯಲ್ಲಿ ಬಂದ ಒಬ್ಬ ಧೀರ ಬಾಲಕನ ಸುದ್ದಿಯನ್ನು ಓದಿದ ತಂದೆಯು, ಅಜ್ಜಿಯ ಮಗ್ಗುಲಲ್ಲಿ ಮಲಗುವ ಮಗನನ್ನು ಒಬ್ಬಂಟಿಯಾಗಿ ತನ್ನ ಆಫೀಸು ಕೋಣೆಯಲ್ಲಿ ಮಲಗಿಸುತ್ತಾನೆ. ಹೆದರಿ ನಡುಗುತ್ತಿದ್ದ ಹುಡುಗ ಕತ್ತಲಲ್ಲಿ ಏನನ್ನೋ ಕಚ್ಚುತ್ತಾನೆ. ಅದು ಕಳ್ಳನ ಕಾಲು. ಬೆಳಗಾಗುವುದರೊಳಗೆ ಊರೆಲ್ಲ ಹೊಗಳುತ್ತದೆ. ಆ ರಾತ್ರಿ ತಂದೆ ಹುಡುಕಿದರೆ ಹೀರೋ ಮತ್ತೆ ಅಜ್ಜಿಯ ಪಕ್ಕದಲ್ಲಿ ನಿದ್ರಿಸುತ್ತಿದ್ದಾನೆ. ಪತ್ರಿಕೆಯ ಸುದ್ದಿ ಹುಟ್ಟಿಸಿದ ಕೀರ್ತಿಯನ್ನು ಒಬ್ಬ ಬಾಲಕನು ಒಂದೇ ದಿನ ಧರಿಸಿ ಕಳಚಿಟ್ಟ ಈ ಕಥೆಯಲ್ಲಿ ಖ್ಯಾತಿಯ ಬಗ್ಗೆ ಒಂದು ಪೂರ್ಣ ವಿಮರ್ಶೆ ಅಡಗಿದೆ. ಭರತನು ಹೇಳುವ ಆರು ಬಗೆಯ ನಗೆಗಳಲ್ಲಿ ಇದು ಸ್ಮಿತಕ್ಕೆ ಸೇರಿದ್ದು: ಹಲ್ಲು ಕಾಣಿಸದ ನಗು.

2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ವಾಹಿನಿ ಬಂದ ನಂತರ ಹಾಸ್ಯವು ವಾರದ ಅತಿಥಿಯಾಗಿ ಉಳಿಯದೆ ದಿನದ ಊಟವಾಯಿತು. ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಮತ್ತು ವಿಜಯ ಪ್ರಸಾದ್ ನಿರ್ದೇಶನದ ‘ಸಿಲ್ಲಿ ಲಲ್ಲಿ’ ಈ ಘಟ್ಟದ ಎರಡು ಮುಖ್ಯ ಕೃತಿಗಳು. ‘ಪಾಪ ಪಾಂಡು’ವಿನ ಹೆಂಡತಿ ಶ್ರೀಮತಿಯು ಗಂಡನಿಗೆ ಹೊಡೆಯುತ್ತಾಳೆ. ಶಾಲಿನಿ ಅವರ ಅಭಿನಯದ ಈ ಪಾತ್ರವನ್ನು ಚಂಡಿಯ ವಂಶದವಳೆಂದು ಗುರುತಿಸಲು ಅಡ್ಡಿಯಿಲ್ಲ. ಆದರೆ ವ್ಯತ್ಯಾಸವೊಂದಿದೆ. ಉದ್ದಾಲಕನ ಬಳಿ ಶಾಪವಿತ್ತು; ಪಾಂಡುವಿನ ಬಳಿ ಇಲ್ಲ. ಕಾವ್ಯಕ್ಕೆ ಒಂದು ಅಂತ್ಯ ಬೇಕು, ಹಾಗಾಗಿ ಎದುರಾಡಿದ ಹೆಣ್ಣು ಕಲ್ಲಾಗಲೇಬೇಕು. ದೈನಂದಿನ ಧಾರಾವಾಹಿಗೆ ಅಂತ್ಯವೇ ಬೇಡ; ನಾಳೆ ಮತ್ತೆ ಅದೇ ಮನೆ, ಅದೇ ಜಗಳ. ಮಾರುಕಟ್ಟೆಯ ಅಗತ್ಯದಿಂದ ಹುಟ್ಟಿದ ಈ ಅಂತ್ಯವಿಲ್ಲದ ರಚನೆಯು ಚಂಡಿಯನ್ನು ಶಾಪದಿಂದ ಪಾರುಮಾಡಿತೆಂಬುದು ವಿಚಿತ್ರವಾದರೂ ನಿಜ. ಹೆಂಡತಿ ಹೊಡೆಯುವುದರಲ್ಲಿ ನಗೆ ಹುಟ್ಟುವುದು ಗಂಡ ಹೊಡೆಯುವುದು ಸಹಜವೆಂಬ ಪೂರ್ವಗ್ರಹದ ಮೇಲೆಯೇ ಎಂಬ ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ತಲೆಕೆಳಗು ಮಾಡುವ ಹಾಸ್ಯಕ್ಕೆ ಮೊದಲು ನೆಟ್ಟಗಿರುವ ಒಂದು ಲೋಕ ಬೇಕು. ಆ ಲೋಕದ ಅನ್ಯಾಯವನ್ನು ಅದು ಪ್ರಶ್ನಿಸುತ್ತದೆಯೋ ಖಾಯಂಗೊಳಿಸುತ್ತದೆಯೋ ಎಂಬುದು ಪ್ರತಿ ಕಂತಿನಲ್ಲೂ ಬೇರೆ ಬೇರೆಯಾಗಿ ತೀರ್ಮಾನವಾಗುತ್ತದೆ.

‘ಸಿಲ್ಲಿ ಲಲ್ಲಿ’ ಇನ್ನೂ ಸೂಕ್ಷ್ಮವಾದುದು. ಸಮಾಜಸೇವಕಿಯೆಂದು ಕರೆಸಿಕೊಳ್ಳಲು ಹಂಬಲಿಸುವ ಲಲಿತಾಂಬ, ತನ್ನ ಪ್ರಸಿದ್ಧಿಯನ್ನು ತಾನೇ ಸಾರಿಕೊಳ್ಳುವ ಡಾಕ್ಟರ್ ವಿಠಲ್ ರಾವ್: ಇವರಿಬ್ಬರೂ ಬಡಾವಣೆಯ ಮಟ್ಟದ ಖ್ಯಾತನಾಮರು. ಮಂಜುಭಾಷಿಣಿ ಮತ್ತು ರವಿಶಂಕರ್ ಗೌಡ ಅವರ ಅಭಿನಯದಲ್ಲಿ ಈ ಹಂಬಲವೇ ನಗೆಯ ವಸ್ತುವಾಯಿತು. ಸನ್ಮಾನದ ಹಾರ, ಶಾಲು, ಫಲಕಗಳ ಸಂಸ್ಕೃತಿಯನ್ನು ಬಲ್ಲ ಯಾವ ಕನ್ನಡಿಗನಿಗೂ ಲಲಿತಾಂಬ ಅಪರಿಚಿತಳಲ್ಲ. ಖ್ಯಾತನೆಂದರೆ ಖ್ಯಾತನಾಗಿರುವುದಕ್ಕಾಗಿಯೇ ಖ್ಯಾತನಾದವನು ಎಂಬರ್ಥದ ಮಾತನ್ನು ಅಮೆರಿಕದ ಇತಿಹಾಸಕಾರ ಡೇನಿಯಲ್ ಬೂರ್‌ಸ್ಟಿನ್ 1961ರಲ್ಲಿ ಬರೆದ. ಲಲಿತಾಂಬಳ ಪಾತ್ರವು ಅದನ್ನೇ ಯಾವ ಸಿದ್ಧಾಂತದ ಹಂಗಿಲ್ಲದೆ, ಒಂದು ನಡುಮನೆಯೊಳಗೆ, ವರ್ಷಗಟ್ಟಲೆ ನಡೆಸಿ ತೋರಿಸಿತು. ಸಾರಥಿಯ ಪ್ರಶ್ನೆ ಇಲ್ಲಿ ಇನ್ನೂ ಜೀವಂತವಾಗಿತ್ತು.

ಅಮೆರಿಕದ ಆರಂಭಿಕ ಸನ್ನಿವೇಶ ಹಾಸ್ಯಗಳಲ್ಲೊಂದಾದ ‘ಐ ಲವ್ ಲೂಸಿ’ಯಲ್ಲಿ (1951) ಕೂಡ ಇದೇ ನೀತಿ ಕಾಣುತ್ತದೆ. ಗಂಡನಂತೆ ತಾನೂ ವೇದಿಕೆಯೇರಬೇಕೆಂಬುದು ಲೂಸಿಯ ತೀರದ ಆಸೆ. 1955ರ ಒಂದು ಕಂತಿನಲ್ಲಿ ಹಾಲಿವುಡ್ ನಟ ವಿಲಿಯಂ ಹೋಲ್ಡನ್ ಸ್ವತಃ ತಾನಾಗಿಯೇ ಕಾಣಿಸಿಕೊಳ್ಳುತ್ತಾನೆ. ಲೂಸಿಯ ದೆಸೆಯಿಂದ ಹೋಟೆಲಿನ ಪರಿಚಾರಕನ ತಟ್ಟೆಯಲ್ಲಿದ್ದ ತಿಂಡಿ ಅವನ ಮೈಮೇಲೆ ಬೀಳುತ್ತದೆ. ತಾರೆ ಬರಬಹುದು, ಆದರೆ ಬಂದರೆ ತಿಂಡಿ ಬೀಳುವುದು ಅವನ ಮೇಲೆಯೇ.

ಇಷ್ಟು ಹೇಳಿದ ಮೇಲೆ ಹಳೆಯ ಕಿರುತೆರೆ ಹಾಸ್ಯದ ಮಿತಿಯನ್ನೂ ಹೇಳದಿರುವುದು ಪ್ರಾಮಾಣಿಕತೆಯಾಗದು. ಅದು ಬಹುಮಟ್ಟಿಗೆ ಬೆಂಗಳೂರಿನ ಮಧ್ಯಮವರ್ಗದ ಮನೆಯ ಹಾಸ್ಯ. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990) ಚಿತ್ರದ ವಠಾರದಿಂದ ಧಾರಾವಾಹಿಗಳ ನಡುಮನೆಯವರೆಗೆ ಅದರ ಭೂಗೋಳ ಹೆಚ್ಚು ವಿಸ್ತರಿಸಲಿಲ್ಲ. ಬರವಣಿಗೆಯ ಬೇರು ‘ಕೊರವಂಜಿ’ ಪತ್ರಿಕೆಯ (1942–1967) ನಗರ ಸಂಸ್ಕಾರದಲ್ಲಿತ್ತು; ಎಂ.ಎಸ್. ನರಸಿಂಹಮೂರ್ತಿಯವರಂತಹ ಹಾಸ್ಯಲೇಖಕರು ಅಚ್ಚಿನಿಂದ ಕಿರುತೆರೆಗೆ ಬಂದದ್ದು ಈ ಹಾದಿಯಲ್ಲಿಯೇ. ಮಾತಿನ ಮೊನಚು ಈ ಪರಂಪರೆಯ ಲಾಭ. ನಷ್ಟವೆಂದರೆ, ದೇವನೂರಿನಂಥ ಊರಿನವನು ಈ ಮನೆಗಳಿಗೆ ಬಂದರೆ ಬಹುಶಃ ಆಳಾಗಿಯೋ ಪೆದ್ದನಾದ ನೆಂಟನಾಗಿಯೋ ಬರಬೇಕಾಗಿತ್ತು. ಅವನ ಆಡುನುಡಿ ನಗೆಯ ಸಾಧನವಲ್ಲ, ನಗೆಯ ಗುರಿಯಾಗಿತ್ತು. ಹಳೆಯದೆಲ್ಲ ಸದಭಿರುಚಿಯದು, ಹೊಸದೆಲ್ಲ ಅಗ್ಗದ್ದು ಎಂಬ ಹಳಹಳಿಕೆಯು ಈ ಸಂಗತಿಯನ್ನು ಮುಚ್ಚಿಡುತ್ತದೆ.

ಹೊಸ ಘಟ್ಟದ ಹಾಸ್ಯವು ಮನೆಯನ್ನು ಬಿಟ್ಟು ವೇದಿಕೆಗೆ ಬಂದಿತು. ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ 2015ರಲ್ಲಿ, ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ 2016ರಲ್ಲಿ ಆರಂಭವಾದವು. ಮೊದಲನೆಯದರಲ್ಲಿ ಮನೆಯ ಸಜ್ಜಿಕೆಯಿದೆ, ಗಂಡಹೆಂಡಿರ ಜಗಳವಿದೆ, ನೆರೆಹೊರೆಯವರಿದ್ದಾರೆ. ಆದರೆ ಇವೆಲ್ಲ ಇರುವುದು ಹೊಸ ಚಿತ್ರದ ಪ್ರಚಾರಕ್ಕೋ ಮತ್ತೊಂದಕ್ಕೋ ಬರುವ ತಾರೆಯ ಸ್ವಾಗತಕ್ಕಾಗಿ. ಅತಿಥಿ ಕೌಂಡಿನ್ಯನಂತೆ ಬರುವುದಿಲ್ಲ. ಕೌಂಡಿನ್ಯನು ಮನೆಯ ಕಷ್ಟದೊಳಗೆ ಕೈಹಾಕಿದ, ಅವನ ಉಪಾಯ ಸೋತಿತು. ಇಲ್ಲಿಯ ಅತಿಥಿಯ ಸೋಲಿಗೆ ಅವಕಾಶವೇ ಇಲ್ಲ. ಅವನು ಆಸನದಲ್ಲಿ ಕುಳಿತು ನಗುತ್ತಾನೆ, ಕ್ಯಾಮೆರಾ ಅವನ ನಗುವನ್ನು ಹತ್ತಿರದಿಂದ ತೋರಿಸುತ್ತದೆ. ಮನೆಯಲ್ಲಿ ಕುಳಿತ ನೋಡುಗನಿಗೆ ಇದು ನಗಬೇಕಾದ ಜಾಗವೆಂದು ತಿಳಿಸುವುದು ಆ ನಗು. ಹಿಂದೆ ಅಮೆರಿಕದ ಧಾರಾವಾಹಿಗಳು ಧ್ವನಿಮುದ್ರಿತ ನಗುವನ್ನು ಬಳಸುತ್ತಿದ್ದವು; ಆ ನಗುವಿಗೆ ಮುಖವಿರಲಿಲ್ಲ. ಈಗ ಅದಕ್ಕೆ ಖ್ಯಾತರ ಮುಖ ಬಂದಿದೆ.

ಈ ಕಾರ್ಯಕ್ರಮದಲ್ಲಿ ನಿಜವಾದ ಹಾಸ್ಯಸೃಷ್ಟಿ ಇಲ್ಲವೆಂದಲ್ಲ. 2024ರಲ್ಲಿ ನಿಧನರಾದ ಅಪರ್ಣಾ ಅವರ ವರಲಕ್ಷ್ಮಿಯ ಪಾತ್ರವನ್ನು ನೆನೆಯಬೇಕು. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ (1985) ಚಿತ್ರದಿಂದ ಬಂದು, ಆಕಾಶವಾಣಿ, ದೂರದರ್ಶನ, ಸರ್ಕಾರಿ ಸಮಾರಂಭಗಳ ನಿರೂಪಣೆಯಿಂದ ಅಚ್ಚಗನ್ನಡದ ಉಚ್ಚಾರಣೆಗೆ ಹೆಸರಾಗಿ, ಬೆಂಗಳೂರಿನ ಮೆಟ್ರೊ ರೈಲಿನ ಧ್ವನಿಯೂ ಆದವರು ಅವರು. ಅಂಥವರು ತನ್ನ ಘನತೆಯ ಬಗ್ಗೆ ತಾನೇ ಬೀಗುವ ಹೆಂಗಸಿನ ವೇಷ ತೊಟ್ಟಾಗ, ಆ ಶುದ್ಧ ಧ್ವನಿಯೇ ಹಾಸ್ಯದ ವಸ್ತುವಾಯಿತು. ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಭಾಗಿಸಿದ್ದಾನೆ. ಹೊಸ ವೇದಿಕೆಗಳ ಹಾಸ್ಯ ಬಹುಪಾಲು ಪರಸ್ಥ: ದಪ್ಪಗಿರುವವರು, ಕಪ್ಪಗಿರುವವರು, ಸೀರೆಯುಟ್ಟ ಗಂಡಸರು ಅದರ ಗುರಿ. ಅಪರ್ಣಾ ಅವರದು ಆತ್ಮಸ್ಥ. ತಾನು ಕಟ್ಟಿಕೊಂಡ ಖ್ಯಾತಿಯನ್ನು ತಾನೇ ಎದುರು ನಿಲ್ಲಿಸಿ ನೀನಾರೆಂದು ಕೇಳುವ ಧೈರ್ಯ ಅದರಲ್ಲಿತ್ತು. ಅದೇ ವೇದಿಕೆಯ ಆಸನದಲ್ಲಿ ಕುಳಿತ ಅತಿಥಿಗಳಲ್ಲಿ ಇದು ಅಪರೂಪ.

‘ಕಾಮಿಡಿ ಕಿಲಾಡಿಗಳು’ ಹೆಚ್ಚು ಜಟಿಲವಾದ ಪ್ರಶ್ನೆಯನ್ನು ಒಡ್ಡುತ್ತದೆ. ಹಳೆಯ ಧಾರಾವಾಹಿಗಳು ಬಾಗಿಲಲ್ಲಿ ನಿಲ್ಲಿಸಿದ ಊರುಗಳು ಇಲ್ಲಿ ಒಳಬಂದವು. ಶಿವರಾಜ್ ಕೆ.ಆರ್. ಪೇಟೆ ಅವರ ಹೆಸರಿನಲ್ಲಿಯೇ ಊರಿದೆ. ಮಂಡ್ಯದ ಮಾತು, ಉತ್ತರ ಕರ್ನಾಟಕದ ಮಾತು, ಕರಾವಳಿಯ ಮಾತು ಗುರಿಯಾಗಿ ಅಲ್ಲ, ಸಾಧನವಾಗಿ ಕೇಳಿಸಿದವು. ಹವ್ಯಾಸಿ ತಂಡಗಳಲ್ಲಿ, ಹಬ್ಬದ ಬಯಲಾಟಗಳಲ್ಲಿ ಪಳಗಿದ ನಟನಟಿಯರಿಗೆ ನಾಡಿನಾದ್ಯಂತ ನೋಡುಗರು ದೊರೆತರು. ಇದು ಸಣ್ಣ ಸಾಧನೆಯಲ್ಲ. ಹಳೆಯ ಧಾರಾವಾಹಿಗಳ ಅಭಿಮಾನಿಗಳು ಇದನ್ನು ಮನ್ನಿಸಲೇಬೇಕು.

ಆದರೆ ಒಳಬಂದವರು ನಿಲ್ಲಬೇಕಾದ ಸ್ಥಳ ಯಾವುದು? ಎದುರಿಗೆ ತೀರ್ಪುಗಾರರ ಎತ್ತರದ ಆಸನಗಳಿವೆ. ಜಗ್ಗೇಶ್, ಯೋಗರಾಜ ಭಟ್, ರಕ್ಷಿತಾ ಮುಂತಾದ ಚಿತ್ರರಂಗದ ಹೆಸರುಗಳು ಅಲ್ಲಿ ಕುಳಿತವು. ಅವರ ವೈಯಕ್ತಿಕ ಔದಾರ್ಯ ಇಲ್ಲಿ ಪ್ರಶ್ನೆಯಲ್ಲ. ಜಗ್ಗೇಶ್ ಸ್ವತಃ ಆಡುನುಡಿಯ ಹಾಸ್ಯದಿಂದ ಮೇಲೆ ಬಂದ ನಟರು. ಪ್ರಶ್ನೆ ವಿನ್ಯಾಸದ್ದು. ಮೂಡಲಪಾಯದಲ್ಲಿ ಸಾರಥಿ ನಿಂತು ರಾಜನನ್ನು ನೀವಾರೆಂದು ಕೇಳುತ್ತಿದ್ದ. ಇಂಥ ಸ್ಪರ್ಧೆಗಳಲ್ಲಿ ರಾಜನು ಕುಳಿತು ಸಾರಥಿಯನ್ನು ಕೇಳುತ್ತಾನೆ: ನೀನು ಯಾರು, ನಿನ್ನ ಊರು ಯಾವುದು, ನಿನ್ನ ತಂದೆ ಏನು ಮಾಡುತ್ತಾರೆ? ಉತ್ತರವಾಗಿ ಬಡತನದ ಕಥೆ ಬರುತ್ತದೆ, ಹಿನ್ನೆಲೆಯಲ್ಲಿ ಕೊಳಲು ಕೇಳಿಸುತ್ತದೆ, ಆಸನದಲ್ಲಿರುವವರ ಕಣ್ಣು ಒದ್ದೆಯಾಗುತ್ತದೆ. ನಗುವಿಗೆ ಹೃದಯವು ಕ್ಷಣಕಾಲ ಜಡವಾಗಬೇಕೆಂದು ಫ್ರಾನ್ಸಿನ ತತ್ವಜ್ಞ ಬರ್ಗ್‌ಸನ್ 1900ರ ತನ್ನ ಗ್ರಂಥದಲ್ಲಿ ವಾದಿಸಿದ್ದ. ನಟನ ಕಷ್ಟವನ್ನು ಮೊದಲು ಕೇಳಿಸಿ ಆಮೇಲೆ ನಗಿರೆಂದರೆ, ಆ ನಗು ಹಾಸ್ಯಕ್ಕೆ ಸಲ್ಲುವುದಿಲ್ಲ, ದಾನವಾಗುತ್ತದೆ. ಹಾಸ್ಯಗಾರನು ಹೀಗೆ ತನ್ನ ಕಲೆಯಿಂದ ಪಡೆಯಬಹುದಾದುದನ್ನು ತನ್ನ ಜೀವನವೃತ್ತಾಂತವನ್ನು ಮಾರಿ ಪಡೆಯಬೇಕಾಗುತ್ತದೆ.

ಹೆಸರಿನ ವಿಚಾರವೂ ಇದಕ್ಕೆ ಹೊಂದಿಕೊಂಡಿದೆ. ಕುರಿ ಪ್ರತಾಪ್ ಅವರಿಗೆ ಆ ಹೆಸರು ಬಂದುದು ‘ಕುರಿಗಳು ಸಾರ್ ಕುರಿಗಳು’ ಎಂಬ ಕಾರ್ಯಕ್ರಮದಿಂದ. ಹೆಸರು ನಿಸಾರ್ ಅಹಮದರ ಪ್ರಸಿದ್ಧ ಕವಿತೆಯದು. ಅಲ್ಲಿ ಕುರಿಗಳೆಂದರೆ ಪ್ರಶ್ನಿಸದೆ ಹಿಂಬಾಲಿಸುವ ಸಮಾಜ. ಕಾರ್ಯಕ್ರಮದಲ್ಲಿ ಕುರಿಯೆಂದರೆ ಗುಪ್ತ ಕ್ಯಾಮೆರಾದ ಮುಂದೆ ಮೋಸಹೋಗುವ ದಾರಿಹೋಕ. ವಿಡಂಬನೆಯ ಪದವು ಕುಚೋದ್ಯದ ಪದವಾಗಿ, ಅಲ್ಲಿಂದ ನಟನ ಬಿರುದಾಗಿ ಇಳಿದ ಈ ಹಾದಿಯಲ್ಲಿ ಅರ್ಥ ಎಷ್ಟು ಕ್ಷೀಣಿಸಿತೆಂಬುದು ಸ್ಪಷ್ಟ. ಅದೇ ನಟರು ‘ಬಿಗ್ ಬಾಸ್’ನ ಏಳನೆಯ ಆವೃತ್ತಿಯಲ್ಲಿ ಸ್ಪರ್ಧಿಯಾದರು, ಅದಕ್ಕೂ ಮೊದಲು ಸೃಜನ್ ಲೋಕೇಶ್, ಮಾಸ್ಟರ್ ಆನಂದ್ ಆ ಮನೆಯನ್ನು ಹೊಕ್ಕು ಬಂದಿದ್ದರು. 2013ರಲ್ಲಿ ಕನ್ನಡಕ್ಕೆ ಬಂದ ಈ ಕಾರ್ಯಕ್ರಮವು ಒಂದರ್ಥದಲ್ಲಿ ಸನ್ನಿವೇಶ ಹಾಸ್ಯದ ಮನೆಯನ್ನೇ ಸಂಭಾಷಣೆಕಾರನಿಲ್ಲದೆ ನಡೆಸುವ ಪ್ರಯೋಗ: ಅದೇ ನಡುಮನೆ, ಅದೇ ಅಡುಗೆಮನೆಯ ಜಗಳ, ವಾರದ ಕೊನೆಯಲ್ಲಿ ಬಂದು ನ್ಯಾಯ ಹೇಳುವ ತಾರೆ. ಕೌಂಡಿನ್ಯನೇ ಇಲ್ಲಿ ಮನೆಯ ಯಜಮಾನನಾಗಿದ್ದಾನೆ. ಪಾತ್ರವು ನಟನನ್ನು ನುಂಗುತ್ತಿದ್ದ ಕಾಲ ಹೋಗಿ, ನಟನ ಖಾಸಗಿ ಬದುಕು ಪಾತ್ರವನ್ನು ನುಂಗಿತು.

2018ರಲ್ಲಿ ‘ಪಾಪ ಪಾಂಡು’ ಕಲರ್ಸ್ ಸೂಪರ್ ವಾಹಿನಿಯಲ್ಲಿ ಮತ್ತೆ ಬಂದಿತು. ಚಿದಾನಂದ, ಶಾಲಿನಿ ಇಬ್ಬರೂ ತಮ್ಮ ಹಳೆಯ ಪಾತ್ರಗಳಿಗೆ ಮರಳಿದರು. ಮನೆ ಅದೇ, ಆದರೆ ನೋಡುಗರು ಈ ಬಾರಿ ಪಾಂಡುವನ್ನು ನೋಡಲು ಬಂದರೋ, ತಮ್ಮ ನೆನಪಿನಲ್ಲಿ ಈಗಾಗಲೇ ಖ್ಯಾತನಾಗಿದ್ದ ಪಾಂಡುವನ್ನು ಮತ್ತೆ ಕಾಣಲು ಬಂದರೋ ಎಂಬುದನ್ನು ಬೇರ್ಪಡಿಸುವುದು ಕಷ್ಟ. ಮೊದಲ ಬಾರಿ ಪಾತ್ರವಾಗಿದ್ದುದು ಎರಡನೆಯ ಬಾರಿ ತಾನೇ ಅತಿಥಿಯಾಗಿತ್ತು.

ಲಕ್ಷ್ಮೀಶನು ಇಷ್ಟು ದೊಡ್ಡ ಕಾವ್ಯವನ್ನು ರಚಿಸಿಯೂ ದೇವಪುರದ ದೈವವನ್ನು ಮುಂದಿಟ್ಟು ತಾನು ಹಿಂದೆ ಸರಿದ. ಅವನ ಕಾಲ, ಊರುಗಳನ್ನು ಕುರಿತ ವಿದ್ವಾಂಸರ ವಾದಕ್ಕೆ ಆ ಸಂಕೋಚವೂ ಒಂದು ಕಾರಣ. ಅವನ ಚಂಡಿಗೆ ವಿಮೋಚನೆ ದೊರೆಯುವುದು ಅರ್ಜುನನ ಕೈ ಸೋಕಿದಾಗ. ಸ್ಪರ್ಶಿಸಿದವನು ಅಲ್ಲಿ ನಿಲ್ಲುವುದಿಲ್ಲ. ಕುದುರೆ ಬಿಡುಗಡೆಯಾಗುತ್ತಲೇ ಅದರ ಹಿಂದೆ, ತನ್ನನ್ನು ಸೋಲಿಸಲಿರುವ ಮುಂದಿನ ಊರಿಗೆ ಹೊರಟುಬಿಡುತ್ತಾನೆ.